ಹಿಮ: ಇಲ್ಲ

ಸುಂಕಸಾಲೆಯ ಗೇಟಿನಲ್ಲಿ ನನಗೊಂದು ನಮೂನೆ ಪುಸ್ತಕ ಕೊಟ್ಟಿದ್ದಾರೆ.
ಎಲ್ಲಿಯದೋ ಬೆಟ್ಟಕ್ಕೆಂದು ಅಚ್ಚು ಹಾಕಿಸಿ
ಮಿಕ್ಕಿದ್ದು ಇಲ್ಲಿಗೆ ಬಂದಿರಬೇಕು.
ದುರ್ಗದ ಕಣಿವೆಬಾಯಿವರೆಗೆ ದಿನಾ ಹತ್ತಿ
ಇಳಿಯುವ ಮುಂಚೆ ಅದನ್ನು ತುಂಬುವುದು ನನ್ನ ಕೆಲಸ.

ದಾರಿ: ತೆರೆದಿದೆ.
ನೀರು: ಮೇಲಿನ ಒರತೆಯಲ್ಲಿ ಒಂದು ಚೊಂಬು,
ಅದೂ ಕಾಟಿಗಳು ಕುಡಿದು ಬಿಟ್ಟಿದ್ದರೆ.
ಹುಲ್ಲು: ಒಣಗಿದೆ. ಬೀಡಿ ಬೇಡ.
ಹಿಮ:

ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ, ಇಲ್ಲ.
ಆಷಾಢದಲ್ಲಿ ಬೆರಳು ಮರಗಟ್ಟಿ ಅಕ್ಷರ ವಾಲಿದಾಗಲೂ, ಇಲ್ಲ.
ರೇಂಜರ್ ಒಮ್ಮೆ ನಕ್ಕರು,
'ಒಂದು ಗೀಟು ಎಳೆದುಬಿಡೋ ಪೂರ್ಣೇಶ.'
ಎಳೆಯಲಿಲ್ಲ. ಕೇಳಿದ್ದಕ್ಕೆ ಹೇಳಬೇಕು;
ಇಲ್ಲದಿದ್ದರೆ ಬೆಟ್ಟಕ್ಕೇ ಬಾಯಿಲ್ಲ ಅಂದುಕೊಂಡಾರು.

ಏಪ್ರಿಲ್ ಕೊನೆ. ಮಧ್ಯಾಹ್ನ ಮೂರು. ಮೂಡಣದಿಂದ ಗುಡುಗು.
ಮೊದಲು ಹುರುಳಿ ಸುರಿದ ಸದ್ದು,
ಆಮೇಲೆ ಹುಣಸೆಬೀಜ,
ಆಮೇಲೆ ನೆಲ್ಲಿಕಾಯಿ.
ಕೋಟೆಗೋಡೆಯ ಬಿರುಕಿಗೆ ಬೆನ್ನು ಕೊಟ್ಟು ಕೂತೆ,
ಸರ್ಕಾರದ ಪುಸ್ತಕ ತಲೆಯ ಮೇಲೆ.

ನಿಂತಿತು. ಎದ್ದು ನೋಡಿದರೆ
ಹೋದ ತಿಂಗಳು ಸುಟ್ಟ ಬೆಂಕಿರೇಖೆಯ ಕರಿ ಇಲ್ಲ.
ದಿನಾ ನಡೆದ ದಾರಿ ಇಲ್ಲ.
ಕಾಟಿಯ ಸೆಗಣಿಯೂ ಬೆಳ್ಳಗೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಎಲ್ಲಿ ಕಾಲಿಡಲಿ ಎಂದು ನಿಂತೆ.

ಬಂಡಾಜೆ ಕಡೆಯಿಂದ ಒಬ್ಬ ಹತ್ತಿ ಬಂದ. ಚೀಂಕ್ರ.
ಜೇನಿನ ಡಬ್ಬಿ ಕಂಕುಳಲ್ಲಿ, ಚಪ್ಪಲಿ ಕೈಯಲ್ಲಿ.
'ಮೆಟ್ಟು ಹಾಕಿದ್ರೆ ಜಾರ್ತದೆ ಮಾರಾಯ್ರೆ.'
ಒಂದು ಕಾಲೆತ್ತಿ, ಇನ್ನೊಂದೆತ್ತಿ,
'ಸುಡ್ತದೆ ಕೂಡ. ಅವತ್ತು ಬೂದಿ ತುಳಿದಾಗ ಇಷ್ಟು ಸುಡಲಿಲ್ಲ.'
ಅವನ ಹಿಂದೆ, ಹೆಜ್ಜೆಯಷ್ಟೇ ಅಗಲಕ್ಕೆ, ಕರಿ ಮತ್ತೆ ಮೇಲೆದ್ದಿತ್ತು,
ಐದೈದು ಬೆರಳು,
ಬಂಡೆಯಂಚು ತಪ್ಪಿಸಿ, ಒರತೆ ಬಳಸಿ
ನಾನು ನಿಂತಲ್ಲಿಯವರೆಗೆ.

ಕಡ್ಡಿ ಇಳಿಸಿ ಅಳೆದೆ. ನಾಲ್ಕು ಬೆರಳು.
ಪೆನ್ನು ತೆಗೆದೆ. ಚೀಂಕ್ರ ಬಗ್ಗಿ ಓದಿದ.
'ಇದು ಹಿಮ ಅಲ್ಲ. ಆಲಿಕಲ್ಲು.'
ನನಗೂ ಗೊತ್ತು.
ಆಲಿಕಲ್ಲಿಗೆ ಕಾಲಂ ಇಲ್ಲ.

ಇಬ್ಬರೂ ಒಂದೊಂದು ಬಾಯಿಗೆ ಹಾಕಿಕೊಂಡೆವು.
ಹಲ್ಲು ಜುಂ ಎಂದಿತು. ಸ್ವಲ್ಪ ಹೊಗೆಯ ರುಚಿ.
ಅದು ಕರಗುವಷ್ಟರಲ್ಲಿ ಬರೆದು ಮುಗಿಸಿದೆ,

ನೀರು: ಎಲ್ಲ ಕಡೆ, ಸದ್ಯಕ್ಕೆ.
ಹಿಮ: ನಾಲ್ಕು ಬೆರಳು. ಸಂಜೆಗೆ ಇರುವುದಿಲ್ಲ.
ದಾರಿ: ಬರಿಗಾಲಿಗೆ ತೆರೆದಿದೆ.