ಹದಿನೇಳನೇ ಮನೆಯ ಸೋರಿಕೆ

ಬಾಗಿಲ ಚೌಕಟ್ಟಿಗೆ ಕೆಂಪು ಬಟ್ಟೆ ಬಿಗಿದು
ನಡುವೆ ಫ್ಯಾನು ಕೂರಿಸುತ್ತೇನೆ.
ಅದು ಒಳಗಿನ ಗಾಳಿಯನ್ನು ಹೊರಕ್ಕೆ ಹೀರುತ್ತದೆ;
ಆಗ ಮನೆ ಬಚ್ಚಿಟ್ಟ ಸಂದುಗಳೆಲ್ಲ
ಸಣ್ಣಗೆ ಸಿಳ್ಳೆ ಹಾಕುತ್ತವೆ.
ಸೋರಿಕೆ ಹುಡುಕುವುದು ನನ್ನ ಕಸುಬು.
ನೀರಿನದಲ್ಲ, ಬಿಸಿಯದು.

ತಾಲಿನ್ನಿನ ಮುಸ್ತಮಾಯೆ. ಐದಂತಸ್ತು, ಲಿಫ್ಟಿಲ್ಲ.
ಕಾರ್ಖಾನೆಯಲ್ಲಿ ಎರಕ ಹೊಯ್ದ ಗೋಡೆಗಳನ್ನು
ಕ್ರೇನೊಂದು ಇಸ್ಪೀಟಿನೆಲೆಯಂತೆ
ಒಂದಕ್ಕೊಂದು ಆನಿಸಿ ಹೋಗಿತ್ತು.
ಸೋವಿಯತ್ ಕಾಲದಲ್ಲಿ ಬಿಸಿಗೆ ಬೆಲೆಯಿರಲಿಲ್ಲ,
ಕೊಳವೆಯಲ್ಲಿ ಬಂದದ್ದು ಬಂದ ಹಾಗೆ;
ಸೆಕೆಯಾದರೆ ಕಿಟಕಿ ತೆರೆ, ಜನವರಿಯಾದರೇನು.
ಹೋದ ವರ್ಷದ ಚಳಿಯಲ್ಲಿ ನನ್ನ ಕ್ಯಾಮೆರಾಕ್ಕೆ
ಇಡೀ ಕಟ್ಟಡ ಕೆಂಡದಂತೆ ಕಂಡಿತ್ತು,
ಬೀದಿಯ ಹಿಮಕ್ಕೆ ಮೈ ಕಾಯಿಸುತ್ತ.

ಈಗ ಗೇಣು ದಪ್ಪದ ಕಲ್ಲುಣ್ಣೆ ಹೊದಿಸಿದ್ದೇವೆ.
ಕಿಟಕಿಗೆ ಮೂರು ಪದರ ಗಾಜು.
ಮಾಳಿಗೆಯಲ್ಲೊಂದು ಪೆಟ್ಟಿಗೆ,
ಹೊರಡುವ ಗಾಳಿಯ ಬಿಸಿ ಇಸಿದುಕೊಂಡು
ಬರುವ ಗಾಳಿಯ ಕೈಗೆ ಕೊಡುತ್ತದೆ,
ಮನೆ ಖಾಲಿ ಮಾಡುವವರಿಂದ
ಬೀಗದಕೈ ಇಸಿದುಕೊಂಡ ಹಾಗೆ.

ಹನ್ನೆರಡನೇ ಮನೆಯ ಐಲಿ ಕೇಳುತ್ತಾಳೆ,
"ಕಡಲಕ್ಕಿಗಳಿಗೆ ಏನಾಯಿತು?"
ಏನೂ ಆಗಿಲ್ಲ, ಕೂಗುತ್ತಲೇ ಇವೆ.
ಮೂರನೇ ಗಾಜು ತಡೆದಿದೆ.

ಮೂವತ್ತೆರಡು ಮನೆ. ಸಾಲ ಬೇಡವೆಂದವರು ಹದಿನಾಲ್ಕು.
ಅದರಲ್ಲಿ ಎಲ್ಲರಿಗಿಂತ ಮೊದಲು ಎದ್ದ ಕೈ
ಹೆಲ್ದುರನದು, ಹದಿನೇಳನೇ ಮನೆ,
ಒಂದು ಕಾಲದ ಟ್ರಾಲಿಬಸ್ ಚಾಲಕ.
"ಹಾಸಿಗೆಯಿದ್ದಷ್ಟು ಕಾಲು ಚಾಚಬೇಕು," ಎಂದಿದ್ದನಂತೆ ಸಭೆಯಲ್ಲಿ,
ಅಂಥದೇ ಏನೋ, ಅವನ ಭಾಷೆಯಲ್ಲಿ.

ಉಳಿದೆಲ್ಲ ಮನೆಗಳ ಅಳತೆ ಒಂದಕ್ಕಿಂತ ಕೆಳಗೆ.
ಇವನದು ಮಾತ್ರ ಒಂದು ಪಾಯಿಂಟ್ ಮೂರು.
ಮೂರು ಸಲ ಅಳೆದೆ. ಒಂದು ಪಾಯಿಂಟ್ ಮೂರು.

ಹೊಗೆಯ ಪೆನ್ನು ಹಿಡಿದು ಗೋಡೆಗುಂಟ ಹೊರಟೆ.
ಕಿಟಕಿಯ ಬಳಿ ಹೊಗೆ ನೆಟ್ಟಗೆ ನಿಂತಿತು.
ಸ್ವಿಚ್ಚಿನ ಹತ್ತಿರ ಕೊಂಚ ತೂಕಡಿಸಿತು.
ಪುಸ್ತಕದ ಬೀರುವಿನ ಪಕ್ಕಕ್ಕೆ ಬಂದದ್ದೇ
ಯಾರೋ ಬೆನ್ನಿಗೆ ಕೈ ಹಾಕಿ ತಳ್ಳಿದಂತೆ
ನನ್ನ ಮುಖಕ್ಕೇ ನುಗ್ಗಿತು.

ಹೆಲ್ದುರ್ ಮಾತಾಡದೆ ಬೀರು ಸರಿಸಿದ.
ಮೂರು ಬೆರಳಗಲದ ತೂತು,
ಉಳಿಯಿಂದ ಕೆತ್ತಿದ್ದು, ಅಂಚು ಅಂಕುಡೊಂಕು.
"ಎಪ್ಪತ್ತೊಂಬತ್ತರಲ್ಲಿ," ಅಂದ, "ಆಂಟೆನಾದ ತಂತಿಗೆ.
ಕೊಲ್ಲಿಯಾಚೆಯ ಫಿನ್‌ಲ್ಯಾಂಡಿನ ಟೀವಿ ಸಿಗುತ್ತಿತ್ತು.
ನಾನು ಕೆತ್ತುವಾಗ ಹೆಂಡತಿ ಬಾಣಲೆ ಬಡಿಯುತ್ತಿದ್ದಳು,
ಕೆಳಗಿನವರಿಗೆ ಉಳಿಯ ಸದ್ದು ಕೇಳದಿರಲೆಂದು."

ಗೋಡೆಗೂ ಕಿವಿಯಿದೆ ಎಂಬುದು
ಆ ಕಾಲದಲ್ಲಿ ಗಾದೆಯಾಗಿರಲಿಲ್ಲ, ಮಾಹಿತಿಯಾಗಿತ್ತು.
ಇವನು ಅದೇ ಗೋಡೆಯಲ್ಲಿ
ತನ್ನದೊಂದು ಕಿವಿ ಕೊರೆದುಕೊಂಡಿದ್ದ.

ಏನು ನೋಡುತ್ತಿದ್ದಿರಿ, ಕೇಳಿದೆ.
"ಕಾಫಿಪುಡಿಯ ಜಾಹೀರಾತು.
ರಾತ್ರಿ, ಒಂಬತ್ತು ದಾಟಿದ ಮೇಲೆ, ಹವಾಮಾನ.
ಅವರಿಗೂ ನಮ್ಮದೇ ಮಳೆ.
ಅವರ ಭೂಪಟದಲ್ಲಿ ನಾವು ಬರೀ ಬೂದುಬಣ್ಣ,
ಮೋಡ ನಮ್ಮ ಮೇಲೆ ಬಂದಾಗ
ಆಕೆ ಬೇರೆ ಕಡೆಗೆ ಕೈ ತೋರಿಸುತ್ತಿದ್ದಳು."

ನಾನು ಮೆತ್ತುವ ಡಬ್ಬಿ ತೆರೆದೆ.
ಕೈಯಿಂದ ಇಸಿದುಕೊಂಡು ತಾನೇ ತುಂಬಿದ,
ಹಬ್ಬದ ಕಡುಬಿಗೆ ಹೂರಣ ತುಂಬುವ ನಿಧಾನದಲ್ಲಿ.
ಕೊನೆಗೆ ಹೆಬ್ಬೆರಳು ಅಲ್ಲೇ ಒತ್ತಿಕೊಂಡು
ಬಹಳ ಹೊತ್ತು ನಿಂತ.
ಒಣಗುತ್ತದೆ, ಕೈ ತೆಗೆಯಿರಿ, ಎಂದು ಹೇಳಬೇಕಾಯಿತು.

ಫ್ಯಾನು ಮತ್ತೆ ತಿರುಗಿತು.
ಸೊನ್ನೆ ಪಾಯಿಂಟ್ ಒಂಬತ್ತು ಆರು.
ಫಾರಮ್ಮಿನಲ್ಲಿ ಸೋರಿಕೆಯ ಕಾರಣಕ್ಕೊಂದು ಅಂಕಣ;
"ಹಳೆಯ ತಂತಿ," ಎಂದು ಬರೆದು ರುಜು ಹಾಕಿದೆ.

ಜನವರಿಯ ಬಿಲ್ಲು ಅರ್ಧಕ್ಕಿಳಿದಿದೆ.
ಬೇಡವೆಂದ ಹದಿನಾಲ್ಕು ಜನ
ಈಗ ತಾವೇ ಮೊದಲು ಹೇಳಿದ್ದೆನ್ನುತ್ತಾರೆ.

ನನ್ನ ಪರದೆಯಲ್ಲಿ ಎಲ್ಲ ಮನೆಗಳ ಬಿಸಿಯ ಗೆರೆ
ಸಮುದ್ರ ತಣಿದಂತೆ ಚಪ್ಪಟೆ.
ಹದಿನೇಳರದು ಮಾತ್ರ ದಿನಾ ರಾತ್ರಿ ಒಂಬತ್ತೂಕಾಲಿಗೆ
ತಟ್ಟನೆ ಜಗ್ಗುತ್ತದೆ, ಹತ್ತು ನಿಮಿಷ.
ಉತ್ತರದ ಕಿಟಕಿ, ಕೊಲ್ಲಿಯ ಕಡೆಯದು.
ಫೋನು ಮಾಡಿ ಎಚ್ಚರಿಸುವುದು ನನ್ನ ಕೆಲಸದಲ್ಲೇ ಬರುತ್ತದೆ.
ಲೆಕ್ಕ ಹಾಕಿದೆ: ಆರು ಕೆಟಲ್ ನೀರು ಕುದಿಯುವಷ್ಟು.

ಆರು ಕೆಟಲ್.
ಇನ್ನೂ ಮಾಡಿಲ್ಲ.