ಥಂಡರ್ ಬೇಯಲ್ಲಿ ಒಂದು ಗೋಡೆ

ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದೆ,
ವೈದ್ಯ ಎದೆ ತಟ್ಟಿದ ಹಾಗೆ.
ಡಬ್, ಡಬ್, ಡಬ್. ಬರೀ ಟೊಳ್ಳು.
ಒಂದು ಕಡೆ ಮಾತ್ರ ಸದ್ದು ಗಂಟಲಲ್ಲೇ ಉಳಿಯಿತು:
ಒಳಗೆ ಮರದ ಪಟ್ಟಿ.
‘ಇಲ್ಲೇ ಹಾಕೋಣ’ ಅಂದೆ.
‘ಉಹುಂ, ಕಿಟಕಿಯತ್ತ ಇನ್ನೊಂದು ಗೇಣು,’
ಅಂದಳು ಸೆನ್ಯಾ ಅಜ್ಜಿ,
‘ಅದಕ್ಕೆ ಸರೋವರ ಕಾಣಬೇಕು.’

ಅದು ಎಂದರೆ
ಅವಳೇ ಹೊಡೆದ ಮೂಸ್ ಜಿಂಕೆಯ ತಲೆ,
ಕೊಂಬು ಸೇರಿ ಮೂವತ್ತು ಕಿಲೋ,
ಒಂದು ಗಾಜಿನ ಕಣ್ಣು ಸಡಿಲ.
ಗಂಡ ಟೋಯ್ವೋ ಬರೀ ಮೊಳೆ ನಂಬಿದವನು.
ಕ್ಯಾಲೆಂಡರಿನ ಹಿಂದೆ ಹನ್ನೊಂದು ತೂತು,
ಒಂದೊಂದೂ ಒಂದೊಂದು ಜಗಳ.

ಕೊರೆದೆ. ಬಿಳೀ ಪುಡಿ ಉದುರಿತು, ಆಮೇಲೆ
ಡ್ರಿಲ್ ತಟ್ಟನೆ ಬಯಲಿಗೆ ಮುಗ್ಗರಿಸಿತು.
‘ಒಳಗೇನಿದೆ?’
‘ಏನೂ ಇಲ್ಲ.’
‘ಏನೂ ಇಲ್ಲದ್ದು ಹೊರುತ್ತದೆಯೇ?’

ರೆಕ್ಕೆ ಮಡಚಿದ ಬೋಲ್ಟನ್ನು ತೂತಿಗೆ ನೂಕಿದೆ.
ಆಚೆಯ ಕತ್ತಲಲ್ಲಿ ಟಕ್ಕೆಂದು ಬಿಚ್ಚಿಕೊಂಡಿತು;
ಎಳೆದರೆ ಬರಲೊಲ್ಲದು.

ಅಜ್ಜಿಗೆ ನನ್ನ ಮಾತು ಸಾಲದು.
ಊರುಗೋಲು ಬದಿಗಿಟ್ಟು
ಕೊಕ್ಕೆಗೆ ಎರಡೂ ಕೈ ಹಾಕಿ
ಕಾಲೆತ್ತಿಯೇಬಿಟ್ಟಳು.
ಎಂಬತ್ತೆರಡು ವರ್ಷ, ಉಣ್ಣೆಯ ಕಾಲುಚೀಲ,
ನೆಲದಿಂದ ಮೂರು ಬೆರಳು ಮೇಲೆ
ಜೋತಾಡುತ್ತ
ಫಿನ್ನಿಶ್‌ನಲ್ಲಿ ಎಣಿಸಿದಳು,
ನಿಧಾನವಾಗಿ,
ಹನ್ನೊಂದರವರೆಗೆ.