ಅರ್ಧ ಬರೆದ ಏಲಂ

ಜೂನ್. ಮಲ್ಪೆಯ ಬೋಟುಗಳೆಲ್ಲ
ಒಂದಕ್ಕೊಂದು ಹಗ್ಗ ಬಿಗಿದುಕೊಂಡು ನಿಂತಿವೆ.
ಅರವತ್ತೊಂದು ದಿನ ಕಡಲಿಗೆ ರಜೆ,
ಬಲೆ ಹೊಲಿಯುವವರಿಗೆ ಕೆಲಸ, ನನಗೆ ತಲೆನೋವು.
ಐಸ್ ಪ್ಲಾಂಟಿನ ಮಹಡಿಯಲ್ಲಿ
ಹಿರಿಯಣ್ಣ ತಿಂಗಳಾಯರು ಹೇಳಿದ್ದಾರೆ:
"ಸುಗಂಧಿಯಕ್ಕ, ಆಗಸ್ಟ್ ಒಂದರ ಒಳಗೆ
ಡೇಟಾಬೇಸ್ ಯಾವುದೆಂದು ನೀವೇ ಆರಿಸಿ.
ಇಪ್ಪತ್ತೆರಡು ವರ್ಷದ ಲೆಕ್ಕ ನಿಮ್ಮ ಬೆರಳಲ್ಲೇ ಉಂಟಲ್ಲ."

ಬೆರಳಲ್ಲಿ ಉಂಟು, ಹೌದು.
ಈಗೀಗ ಬೆನ್ನಲ್ಲೂ ಉಂಟು.

ಮೊದಲು ಬಂದವನು ಕಪ್ಪು ಬೂಟಿಗೆ
ಒಣಗಿದ ಹುರುಪೆ ಅಂಟಿಸಿಕೊಂಡೇ ಮೆಟ್ಟಿಲು ಹತ್ತಿದ.
ಬ್ಯಾಂಕುಗಳು, ವಿಮಾನ ಕಂಪೆನಿಗಳು
ಎಲ್ಲ ಅವನ ಗಿರಾಕಿಗಳಂತೆ.
ದರ ಕೇಳಿದೆ. "ಕೋರ್ ಲೆಕ್ಕ, ಮೇಡಂ."
ಯಂತ್ರದೊಳಗೆ ಮಿದುಳೆಷ್ಟೋ ಅಷ್ಟು ದುಡ್ಡು,
ಮೇಲೆ ವರ್ಷ ವರ್ಷ ಸೇವೆಗೆ ಬೇರೆ.
ಎಂಜಿನ್ನಿನ ಸಿಲಿಂಡರ್ ಎಣಿಸಿ ಬಾಡಿಗೆ ಕೇಳಿದ್ದರೆ
ನಮ್ಮ ತಾಂಡೇಲ ಅವನನ್ನು ನೀರಿಗೆ ನೂಕುತ್ತಿದ್ದ.
ನಾನು ಚಾ ತರಿಸಿದೆ.

ಆಮೇಲೆ ಮಣಿಪಾಲದಿಂದ ಇಬ್ಬರು, ಒಂದೇ ಬಣ್ಣದ ಅಂಗಿ.
"ನಿಮ್ಮ ಲೆಕ್ಕವೆಲ್ಲ ಮೋಡದಲ್ಲಿರ್ತದೆ" ಅಂದರು.
ಕಿಟಕಿಯಾಚೆ ನೋಡಿದೆ, ಮಲ್ಪೆಯ ಮೋಡ, ಜೂನಿನದ್ದು.
ಅಲ್ಲಿಟ್ಟದ್ದು ಏನಾಗುತ್ತದೆಂದು
ನನಗೆ ಗೊತ್ತುಂಟು ಮಾರಾಯ್ರೆ.

ಮೂರನೆಯದ್ದು ಪುಕ್ಕಟೆ. ಆನೆಯ ಚಿತ್ರದ್ದು.
ತಂದವಳು ಸಂತೆಕಟ್ಟೆಯ ಲವೀನಾ ಕ್ರಾಸ್ತಾ,
ನಮ್ಮಲ್ಲೇ ತಿಂಗಳ ಸಂಬಳಕ್ಕೆ ಇರುವವಳು.
"ಪುಕ್ಕಟೆಯದ್ದು ಕೆಟ್ಟರೆ ಯಾರನ್ನು ಹಿಡಿಯುತ್ತೀರಿ?" ಎಂದಿದ್ದ ಬೂಟಿನವನು.
"ನನ್ನನ್ನು" ಅಂದಳು ಲವೀನಾ.
ಬೋರ್ಡಿನ ಮೇಲೆ ಚೌಕ ಎಳೆದಳು: ಬೋಟು, ಮೀನು, ಏಲಂ, ಪಾಲು.
ಚೌಕದಿಂದ ಚೌಕಕ್ಕೆ ಗೆರೆ.
"ಇದಕ್ಕೆ ನಾವು ಸಂಬಂಧ ಅನ್ನುವುದು, ಅಕ್ಕ."
ನಾನು ಬರೆದರೆ ಬೂತಾಯಿ,
ಬೈಂದೂರಿನ ಬೋಟಿನ ಚೀಟಿಯಲ್ಲಿ ಬೈಗೆ,
ಅವಳ ಅಮ್ಮನ ಬಾಯಲ್ಲಿ ತಾರ್ಲೆ.
ಹೆಸರು ಮೂರು, ಮೀನು ಒಂದೇ.
ಅದಕ್ಕೊಂದು ನಂಬರು ಕೊಟ್ಟಳು. ಮೀನೇನೂ ಬೇಸರ ಮಾಡಿಕೊಳ್ಳಲಿಲ್ಲ.

ವೇಗ ಎಷ್ಟು ಎಂದು ನಾನು ಯಾರನ್ನೂ ಕೇಳಲಿಲ್ಲ.
ಎಲ್ಲರಿಗೂ ಒಂದೇ ಮಾತು:
ಏಲಂ ಬರೆಯುವ ನಡುವೆ ಪ್ಲಗ್ ಕೀಳುತ್ತೇನೆ. ಆಗಬಹುದಾ?

ಬೂಟಿನವನು ಮೇಲಿನವರ ಅನುಮತಿ ಬೇಕೆಂದ.
ಮೋಡಕ್ಕೆ ಪ್ಲಗ್ಗೇ ಇಲ್ಲವೆಂದು ಮಣಿಪಾಲದವರು ನಕ್ಕರು.

ನಗುವ ವಿಷಯ ಅಲ್ಲ ಅದು.
ಹದಿಮೂರು ವರ್ಷದ ಹಿಂದೆ ಒಂದು ಸಂಜೆ
ನಲವತ್ತೊಂದು ಬಾಕ್ಸ್ ಬಂಗುಡೆ ಹೋಗಿತ್ತು,
ದುಡ್ಡು ಬಂದಿತ್ತು,
ಪಾಲು ಬರೆಯುವಾಗ ಕರೆಂಟ್ ಹೋಯಿತು.
ಹಳೆಯ ಕಂಪ್ಯೂಟರು ಅರ್ಧವನ್ನೇ
ಪೂರ್ತಿ ಎಂದು ಇಟ್ಟುಕೊಂಡಿತು.
ಏಲಂ ಕೂಗುತ್ತಿದ್ದ ವಾಸು ಮೆಂಡನ್
ಎರಡೇ ದಿನದಲ್ಲಿ ಕಳ್ಳನಾದ.
ನಾನೂ ಸುಮ್ಮನಿದ್ದೆ.
ತಪ್ಪು ಸಿಕ್ಕಿದ್ದು ನಾಲ್ಕು ತಿಂಗಳಾದ ಮೇಲೆ,
ಅಷ್ಟೊತ್ತಿಗೆ ಅವನು ರತ್ನಾಗಿರಿಯ ದಕ್ಕೆಗೆ ಹೋಗಿಯಾಗಿತ್ತು.
ಕಾಗದ ಹಾಕಿದೆ. ಉತ್ತರ ಬರಲಿಲ್ಲ.

"ಕೀಳಿ" ಅಂದಳು ಲವೀನಾ.

ನಲವತ್ತೊಂದು ಬಾಕ್ಸ್ ಬಂಗುಡೆ, ಬೇಕೆಂದೇ.
ಮೀನು ಬರೆದಳು, ದುಡ್ಡು ಬರೆದಳು. ಕಿತ್ತೆ.
ಕೆಳಗೆ ಐಸ್ ಮುರಿಯುವ ಯಂತ್ರದ ಸದ್ದು ಮಾತ್ರ.
ಮತ್ತೆ ಹಚ್ಚಿದರೆ ಪರದೆ ಹೇಳಿತು:
ಏಲಂ ಆಗಿಯೇ ಇಲ್ಲ,
ಬಂಗುಡೆ ಇನ್ನೂ ಬೋಟಿನಲ್ಲೇ ಉಂಟು.
ಒಂಬತ್ತು ಸಲ ಕಿತ್ತೆ. ಒಂಬತ್ತು ಸಲವೂ ಅದೇ ಮಾತು.
ಅರ್ಧ ನಿಜವನ್ನು ಒಳಗೆ ಬಿಡಲಿಲ್ಲ ಆ ಆನೆ.

ಬೂಟಿನವನದ್ದೂ ಹೀಗೇ ಮಾಡುತ್ತಿತ್ತೇನೋ.
ಕೀಳಲು ಬಿಡಲಿಲ್ಲ, ಹಾಗಾಗಿ ಗೊತ್ತಿಲ್ಲ.

ತಿಂಗಳಾಯರಿಗೆ ಕೊಟ್ಟ ಚೀಟಿಯಲ್ಲಿ
ಕಾರಣ: ಖರ್ಚು ಕಡಿಮೆ.
ಅವರಿಗೆ ಅಷ್ಟು ಸಾಕು.

ಸಂಜೆ ಲವೀನಾ ಜನರ ಕೋಷ್ಟಕ ತೆರೆದಳು,
"ಮೊದಲನೆಯ ಹೆಸರು ಹೇಳಿ, ಅಕ್ಕ."
ವಾಸು ಮೆಂಡನ್, ಅಂದೆ.
"ಯಾವ ಬೋಟು? ಫೋನು?"
ಅಲ್ಲಿ ಸೊನ್ನೆ ಹಾಕು, ಅಂದೆ.
"ಸೊನ್ನೆ ಹಾಕಿದರೆ ಏನೂ ಇಲ್ಲ ಅಂತಾಗ್ತದೆ.
ಖಾಲಿ ಬಿಡುವ. ಖಾಲಿ ಅಂದರೆ
ಇರಬಹುದು, ನಮಗೆ ಗೊತ್ತಿಲ್ಲ, ಅಷ್ಟೇ."

ಬಿಡು ಹಾಗಾದರೆ, ಅಂದೆ.
ಕೆಳಗೆ ಯಾರೋ ಐಸಿಗೆ ಕೂಗುತ್ತಿದ್ದರು.